ವಾಪಸ್ ಬಂದವರ ಕೈಕೆಲಸ ಊರಿಗೆ ಬೇಡವೇ?

ಮಾನ್ಯ ಸಂಪಾದಕರೇ,

ಗಲ್ಫ್ ದೇಶಗಳಿಗೆ ಹೋಗುವವರ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಏಜೆಂಟನ ಮಾತು ನಂಬಿ ದುಡ್ಡು ಕಳೆದುಕೊಂಡವರ ಸುದ್ದಿ ಬರುತ್ತದೆ. ಅಲ್ಲೇ ತೀರಿಕೊಂಡು, ದೇಹ ಊರಿಗೆ ತರಿಸಲು ಮನೆಯವರು ಒದ್ದಾಡಿದ ಸುದ್ದಿಯೂ ಬರುತ್ತದೆ. ಆದರೆ ವರ್ಷಗಟ್ಟಲೆ ದುಡಿದು, ವೀಸಾ ಕ್ಯಾನ್ಸಲ್ ಮಾಡಿಸಿ, ಇನ್ನು ಊರೇ ಸಾಕು ಎಂದು ಬಂದು ಕೂತವರ ಬಗ್ಗೆ ಬರೆದದ್ದು ನಾನು ಓದಿದ್ದು ಬಹಳ ಕಡಿಮೆ. ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ, ಸಿಂಧನೂರು, ಲಿಂಗಸುಗೂರು ಕಡೆ ಅಂಥವರು ಬೇಕಾದಷ್ಟು ಜನ ಇದ್ದಾರೆ. ಅವರು ಏನು ಕಲಿತು ಬಂದಿದ್ದಾರೆ ಅಂತ ಕೇಳುವವರು ಯಾರೂ ಇಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ನನ್ನದು ಮಾನ್ವಿ ತಾಲ್ಲೂಕಿನ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸರಿಯಾಗಿ ಮುಟ್ಟದ ಕೊನೆ ಭಾಗದ ಊರು. ಕೊನೆ ಭಾಗ ಅಂದರೆ ಏನು ಅಂತ ನಮ್ಮ ಜಿಲ್ಲೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಐಟಿಐನಲ್ಲಿ ಫಿಟ್ಟರ್ ಮುಗಿಸಿ ಶಕ್ತಿನಗರದ ಥರ್ಮಲ್ ವಿದ್ಯುತ್ ಕೇಂದ್ರದ ಕಡೆ ಗುತ್ತಿಗೆದಾರರೊಬ್ಬರ ಕೈಕೆಳಗೆ ಕೆಲಸ ಮಾಡುತ್ತಿದ್ದೆ. ವರ್ಷದಲ್ಲಿ ಕೆಲಸ ಇದ್ದ ದಿನಕ್ಕಿಂತ ಇಲ್ಲದ ದಿನವೇ ಜಾಸ್ತಿ. ನಮ್ಮ ಊರಿನ ಅರ್ಧ ಜನ ಬೆಂಗಳೂರು, ಪುಣೆಗೆ ಗುಳೆ ಹೋಗುತ್ತಿದ್ದರು. ನಾನು 2009ರಲ್ಲಿ ಒಮಾನ್‌ಗೆ ಹೋದೆ. ದೂರ ಜಾಸ್ತಿ, ಅಷ್ಟೇ. ಅದೂ ಗುಳೆಯೇ.

ಮಸ್ಕತ್‌ನಿಂದ ಪಶ್ಚಿಮಕ್ಕೆ ಸಮುದ್ರದ ದಂಡೆಯಲ್ಲಿ ಬರ್ಕಾ ಎಂಬ ಊರಿದೆ. ಆ ಕಡೆ ಸಮುದ್ರದ ಉಪ್ಪುನೀರನ್ನು ಕುಡಿಯುವ ನೀರು ಮಾಡುವ ದೊಡ್ಡ ಘಟಕಗಳಿವೆ. ಅಂಥ ಒಂದು ಘಟಕದಲ್ಲಿ ಹೆಲ್ಪರ್ ಆಗಿ ಸೇರಿದೆ, ಆಮೇಲೆ ಫಿಟ್ಟರ್, ಕೊನೆಗೆ ಶಿಫ್ಟಿನ ಜವಾಬ್ದಾರಿ. ಕೆಲಸ ಏನು ಅಂದರೆ ಹೀಗೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂಗಿಂತ ಜಾಸ್ತಿ ಉಪ್ಪಿರುತ್ತದೆ. ಅದನ್ನು ಸುಮಾರು 60 ಬಾರ್ ಒತ್ತಡದಲ್ಲಿ ಮೆಂಬ್ರೇನ್ ಎಂಬ ತೆಳು ಪದರದ ಮೇಲೆ ನೂಕಬೇಕು. ನಮ್ಮ ಕಾರಿನ ಟೈರಿನಲ್ಲಿ ಇರುವ ಗಾಳಿಯ ಒತ್ತಡ ಎರಡು ಬಾರ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ, ಅದನ್ನು ನೆನೆಸಿಕೊಂಡರೆ 60 ಬಾರ್ ಅಂದರೆ ಎಷ್ಟು ಅಂತ ಅಂದಾಜು ಸಿಗುತ್ತದೆ. ಹಾಗೆ ನೂಕಿದಾಗ ಸಿಹಿನೀರು ಈ ಕಡೆ ಬರುತ್ತದೆ, ಉಪ್ಪು ಆ ಕಡೆಯೇ ಉಳಿಯುತ್ತದೆ. ವರ್ಷವಿಡೀ ಹರಿಯುವ ನದಿ ಅನ್ನುವುದೇ ಆ ನಾಡಿನಲ್ಲಿ ಇಲ್ಲವೆಂದರೆ ನಡೆಯುತ್ತದೆ. ಮಳೆ ಬಂದಾಗ ಹರಿದು ಒಣಗುವ ಹಳ್ಳಗಳು, ಅವನ್ನು ವಾದಿ ಅನ್ನುತ್ತಾರೆ. ಅಂಥ ಕಡೆ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಯಾಕೆಂದರೆ ರಾತ್ರಿ ಎರಡು ಗಂಟೆಗೂ ಯಾರೋ ಒಬ್ಬ ಒತ್ತಡ ತೋರಿಸುವ ಗೇಜ್ ನೋಡಿ ಪುಸ್ತಕದಲ್ಲಿ ಬರೆಯುತ್ತಿರುತ್ತಾನೆ.

ನಾನು ಹೋಗುವ ಸ್ವಲ್ಪ ಮುಂಚೆ, 2008ರ ಕೊನೆಯಲ್ಲಿ, ಆ ಸಮುದ್ರಕ್ಕೆ ಕೆಂಪು ಪಾಚಿ ಬಂದಿತ್ತು. ಫಿಲ್ಟರ್‌ಗಳೆಲ್ಲ ಕಟ್ಟಿಕೊಂಡು ಎಷ್ಟೋ ಘಟಕಗಳು ನಿಂತವು. ಹಿರಿಯರು ನಮಗೆ ಆ ಕಥೆ ಹೇಳಿಯೇ ಕೆಲಸ ಕಲಿಸಿದ್ದು. ಮೆಂಬ್ರೇನ್ ಕಡೆ ಆಮೇಲೆ ನೋಡು, ಮೊದಲು ಅದರ ಮುಂದಿನ ಫಿಲ್ಟರ್ ನೋಡು ಎಂದು. ಈ ಒಂದು ಪಾಠ ನನಗೆ ಊರಿಗೆ ಬಂದ ಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಬಿಟ್ಟು ಬರುವುದು ಸುಲಭ ಆಗಲಿಲ್ಲ. ಜನ ಅಂದುಕೊಳ್ಳುತ್ತಾರೆ, ಪರದೇಶದಲ್ಲಿ ಇದ್ದವನಿಗೆ ಊರಿಗೆ ಬರುವುದೆಂದರೆ ಬರೀ ಖುಷಿ ಅಂತ. ನಮ್ಮ ರೂಮಿನಲ್ಲಿ ಕಣ್ಣೂರಿನವನೊಬ್ಬ, ಕರೀಂನಗರದ ವೆಲ್ಡರ್ ಒಬ್ಬ, ಬಾಂಗ್ಲಾದ ಚಿತ್ತಗಾಂಗ್‌ನ ಒಬ್ಬ ಅಣ್ಣ. ನಾನು ಹೋದ ವರ್ಷದಿಂದ ಆ ಅಣ್ಣ ಅಲ್ಲೇ ಇದ್ದ. ನನಗೆ ಮಗಳು ಹುಟ್ಟಿದ ಸುದ್ದಿ ಫೋನಿನಲ್ಲಿ ಬಂದಾಗ ಪಕ್ಕದಲ್ಲಿ ಇದ್ದವನು ಅವನೇ, ಅಪ್ಪ ತೀರಿಕೊಂಡಾಗ ನನ್ನ ಶಿಫ್ಟ್ ಮಾಡಿದವನೂ ಅವನೇ. ಹೊರಡುವ ಗುರುವಾರ ರಾತ್ರಿ ಎಲ್ಲರೂ ಸೇರಿ ಅಡುಗೆ ಮಾಡಿದೆವು. ನನ್ನ ಕುಕ್ಕರ್, ಹಾಸಿಗೆ, ಚಳಿಗಾಲದ ರಗ್ಗು ಎಲ್ಲ ಹಂಚಿದೆ. ಇನ್ನು ನಾವು ನಾಲ್ಕು ಜನ ಒಂದೇ ಕಡೆ ಕೂತು ಉಣ್ಣುವುದು ಈ ಜನ್ಮದಲ್ಲಿ ಆಗುತ್ತದೋ ಇಲ್ಲವೋ. ಚಿತ್ತಗಾಂಗ್ ಎಲ್ಲಿ, ಮಾನ್ವಿ ಎಲ್ಲಿ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಊಟ ಮುಗಿದ ಮೇಲೂ ಬಹಳ ಹೊತ್ತು ಯಾರೂ ಏಳಲಿಲ್ಲ.

ಮರುದಿನ ರಜೆ. ನನ್ನ ಜಾಗಕ್ಕೆ ಬಂದಿದ್ದ ಒಮಾನಿ ಹುಡುಗ ಬರ್ಕಾದ ಹಲ್ವಾ ತೆಗೆದುಕೊಂಡು ರೂಮಿಗೇ ಬಂದ. ಆ ಊರಿನ ಹಲ್ವಾ ಅಲ್ಲಿ ಹೆಸರುವಾಸಿ. ಅವನಿಗೆ ಕೆಲಸ ಕಲಿಸಿದ್ದು ನಾನು. ಒಮಾನ್ ಸರ್ಕಾರ ತನ್ನ ದೇಶದ ಹುಡುಗರಿಗೆ ಇಂತಿಷ್ಟು ಕೆಲಸ ಕೊಡಲೇಬೇಕು ಎಂದು ಕಂಪನಿಗಳಿಗೆ ನಿಯಮ ಮಾಡಿದೆ, ಅದನ್ನು ಒಮಾನೀಕರಣ ಅನ್ನುತ್ತಾರೆ. ನನ್ನ ಕೆಲಸ ಹೋದದ್ದು ಹಾಗೆ. ನನಗೆ ಅದರ ಬಗ್ಗೆ ಸಿಟ್ಟಿಲ್ಲ. ಅವರ ದೇಶ, ಅವರ ನೀರು, ಅವರ ಮಕ್ಕಳು ಕಲಿಯಬೇಕು. ಆ ಹುಡುಗ ಮೊದಮೊದಲು ವಾಲ್ವ್ ಮುಟ್ಟುವುದಕ್ಕೇ ಹೆದರುತ್ತಿದ್ದ. ಕೊನೆಯ ತಿಂಗಳು ಪಂಪಿನ ಸದ್ದು ಕೇಳಿಯೇ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದ. ನಾನು ಬರೆದಿಟ್ಟಿದ್ದ ಲಾಗ್ ಪುಸ್ತಕವನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ನಮ್ಮ ಕಡೆ ಪ್ರಸಾದ ತೆಗೆದುಕೊಳ್ಳುವ ಹಾಗೆ.

ಅವರ ದೇಶದಲ್ಲಿ ಒಬ್ಬ ಪರದೇಶಿ ಹೊರಡುವಾಗ ಅವನ ಕೈಯಲ್ಲಿದ್ದ ವಿದ್ಯೆ ಅಲ್ಲೇ ಉಳಿಯಬೇಕು ಎಂದು ಯೋಚನೆ ಮಾಡಿ ವ್ಯವಸ್ಥೆ ಮಾಡಿದ್ದಾರೆ. ಅದೇ ವಿದ್ಯೆ ಹೊತ್ತುಕೊಂಡು ನಾನು ನನ್ನ ಊರಿಗೆ ಬಂದೆ. ಹೈದರಾಬಾದ್‌ನಲ್ಲಿ ಇಳಿದು, ಬಸ್ಸಿನಲ್ಲಿ ಮಹಬೂಬ್‌ನಗರ ದಾಟಿ, ಶಕ್ತಿನಗರದ ಹತ್ತಿರ ಕೃಷ್ಣೆಯ ಸೇತುವೆ ಬಂದಾಗ ಎದ್ದು ಕಿಟಕಿಯಿಂದ ನೋಡಿದೆ. ನೀರಿತ್ತು. ಕಣ್ಣು ತುಂಬಿ ಬಂತು ನಿಜ.

ಊರಲ್ಲಿ ಎಲ್ಲರದೂ ಒಂದೇ ಪ್ರಶ್ನೆ. "ರಜಾ ಎಷ್ಟು ದಿನ ಐತಿ?" ಇಲ್ಲ, ಪೂರ್ತಿ ಬಂದೆ ಅಂದರೆ ನಂಬುವುದಿಲ್ಲ. ನಂಬಿದವರ ಮುಖದಲ್ಲಿ ಒಂದು ಅನುಮಾನ, ಇವನು ಅಲ್ಲಿ ಏನೋ ಮಾಡಿಕೊಂಡಿರಬೇಕು ಅಂತ. ಚಹಾದ ಅಂಗಡಿಯಲ್ಲಿ ಕೂತರೆ ಸಾಲ ಕೇಳುವವರು ಬರುತ್ತಾರೆ, ಪ್ಲಾಟ್ ತೋರಿಸುವವರು ಬರುತ್ತಾರೆ. ನಮ್ಮ ಅವ್ವ ಕೂಡ ಮೊದಲ ಕೆಲವು ವಾರ ನನಗೆ ನೆಂಟರಿಗೆ ಬಡಿಸುವ ಹಾಗೆ ಬಡಿಸಿದರು. ರೊಟ್ಟಿ ಬಿಸಿ ಇರಬೇಕು, ಪುಂಡಿಪಲ್ಲೆ ಮೇಲೆ ಎಣ್ಣೆ ಜಾಸ್ತಿ. ಮಗಳು ಶಾಲೆಯ ಫಾರಂ ಸಹಿಗೆ ನನ್ನ ಹತ್ತಿರ ತರದೆ ಸೀದಾ ಅವಳ ತಾಯಿಯ ಹತ್ತಿರ ಹೋದಳು. ಅದು ಸರಿಯೇ. ಇಷ್ಟು ವರ್ಷ ಹೊಲ, ಬ್ಯಾಂಕು, ರೇಷನ್, ಆಸ್ಪತ್ರೆ ಎಲ್ಲ ನೋಡಿಕೊಂಡು ಮನೆ ನಡೆಸಿದ್ದು ನನ್ನ ಹೆಂಡತಿ. ಆ ಮನೆಯಲ್ಲಿ ನನ್ನ ಜಾಗ ನಾನೇ ನಿಧಾನಕ್ಕೆ ಮಾಡಿಕೊಳ್ಳಬೇಕು. ಇದನ್ನು ಬರೆದದ್ದು ಯಾಕೆಂದರೆ, ಹಿಂದಿರುಗಿ ಬಂದ ಪ್ರತಿಯೊಬ್ಬನ ಮನೆಯಲ್ಲೂ ಇದು ನಡೆಯುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ. ಕೈಗೆ ಕೆಲಸ ಇಲ್ಲದಿದ್ದರೆ ಈ ಹೊತ್ತಿನಲ್ಲೇ ಮನುಷ್ಯ ಮತ್ತೆ ಏಜೆಂಟನಿಗೆ ಫೋನ್ ಮಾಡುತ್ತಾನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಊರಲ್ಲಿ ಒಂದು ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವಂಥದ್ದು. ನಾನು ಬಂದಾಗ ಅದಕ್ಕೆ ಕೀಲಿ ಬಿದ್ದು ಬಹಳ ದಿನ ಆಗಿತ್ತು. ಹೆಂಗಸರು ಪಕ್ಕದ ಊರಿಂದ ಕ್ಯಾನ್ ತರಿಸುತ್ತಿದ್ದರು, ತರಿಸಲಾಗದವರು ಬೋರ್‌ವೆಲ್ ನೀರನ್ನೇ ಕುಡಿಯುತ್ತಿದ್ದರು. ನಮ್ಮ ಜಿಲ್ಲೆಯ ಎಷ್ಟೋ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇದ್ದದ್ದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಕೀಲು ಹಿಡಿಯುತ್ತದೆ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ವಾಟರ್‌ಮ್ಯಾನ್ ನನಗಿಂತ ಚಿಕ್ಕವನು, ಪರಿಚಯದ ಹುಡುಗ. ಒಂದು ಬೆಳಿಗ್ಗೆ ಬಾಗಿಲು ತೆಗೆದು ತೋರಿಸಿದ. ಒಳಗೆ ಎಲ್ಲ ಇತ್ತು. ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಪಂಪು, ಮೆಂಬ್ರೇನ್ ಕೊಳವೆಗಳು, ಹೊರಗೆ ನಾಣ್ಯದ ಪೆಟ್ಟಿಗೆ. ನಾನು ಕೆಲಸ ಮಾಡಿ ಬಂದ ಘಟಕದ ಪುಟ್ಟ ತಮ್ಮನೇ. ಒತ್ತಡವೂ ಕಡಿಮೆ ಸಾಕು, ಯಾಕೆಂದರೆ ಇದು ಸಮುದ್ರದ ನೀರಲ್ಲ. ಮೆಂಬ್ರೇನ್ ಮುಂದೆ ಇರುವ ಕಾರ್ಟ್ರಿಡ್ಜ್ ಫಿಲ್ಟರಿನ ಮುಚ್ಚಳ ತಿರುಗಿಸಿದೆ. ಬಿಳಿ ದಾರ ಸುತ್ತಿದ ಹಾಗೆ ಇರಬೇಕಾದ ಕಾರ್ಟ್ರಿಡ್ಜ್ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಜಾರುತ್ತಿತ್ತು. ಅದರ ಮುಂದಿನ ಮತ್ತು ಹಿಂದಿನ ಗೇಜ್ ಎರಡನ್ನೂ ನೋಡಿದರೆ ಈ ಕಡೆಯಿಂದ ಆ ಕಡೆಗೆ ನೀರೇ ಹೋಗುತ್ತಿಲ್ಲ ಅಂತ ಕಾಣುತ್ತಿತ್ತು. ಮರಳಿನ ಫಿಲ್ಟರ್‌ಗೆ ಉಲ್ಟಾ ನೀರು ಬಿಟ್ಟು ತೊಳೆದೇ ಇರಲಿಲ್ಲ. ಗಡಸು ನೀರಿನ ಸುಣ್ಣ ಕಟ್ಟದಂತೆ ಹಾಕುವ ಔಷಧಿಯ ಡಬ್ಬಿ ಖಾಲಿ. ಕೇಳಿದರೆ ಹುಡುಗ ಹೇಳಿದ, "ಅಣ್ಣಾ, ನನಗ ಸ್ವಿಚ್ ಹಾಕಾದು ತೆಗಿಯಾದು ಅಷ್ಟ ಹೇಳ್ಯಾರ." ಅವನ ತಪ್ಪೇನೂ ಇಲ್ಲ. ಅವನಿಗೆ ಯಾರೂ ಕಲಿಸಿಲ್ಲ.

ನಾನೇ ಸರಿ ಮಾಡಿಕೊಡುತ್ತೇನೆ, ದುಡ್ಡು ಬೇಡ, ಸಾಮಾನು ಮಾತ್ರ ತರಿಸಿಕೊಡಿ ಎಂದು ಪಂಚಾಯಿತಿಯಲ್ಲಿ ಕೇಳಿದೆ. ಆಗಲಿಲ್ಲ. ನಿರ್ವಹಣೆ ಏಜೆನ್ಸಿಗೆ ಕೊಟ್ಟಾಗಿದೆ, ಹೊರಗಿನವರು ಮುಟ್ಟುವ ಹಾಗಿಲ್ಲ ಎಂಬ ಉತ್ತರ ಬಂತು. ನಿಯಮ ಇರಬೇಕು, ಒಪ್ಪುತ್ತೇನೆ. ಆದರೆ ಏಜೆನ್ಸಿಯವರು ಬರುವ ತನಕ ಜನ ಏನು ಕುಡಿಯಬೇಕು? ನಿಮ್ಮ ಹತ್ತಿರ ಸರ್ಟಿಫಿಕೇಟ್ ಇದೆಯಾ ಎಂದೂ ಕೇಳಿದರು. ನನ್ನ ಹತ್ತಿರ ಇರುವುದು ಹಳೇ ಐಟಿಐ ಕಾಗದ ಮತ್ತು ಒಮಾನ್‌ನ ಬತಾಕಾ, ಅಂದರೆ ಅಲ್ಲಿಯ ಗುರುತಿನ ಚೀಟಿ. ಅದರಲ್ಲಿ ಹೆಲ್ಪರ್ ಅಂತಲೇ ಇದೆ. ಗಲ್ಫ್‌ನಲ್ಲಿ ಇದು ಮಾಮೂಲು. ವೀಸಾದಲ್ಲಿ ಬರೆದ ಕೆಲಸ ಒಂದು, ಮಾಡುವ ಕೆಲಸ ಇನ್ನೊಂದು. ಹತ್ತು ವರ್ಷ ವೆಲ್ಡಿಂಗ್ ಮಾಡಿದವನ ಕಾಗದದಲ್ಲಿ ಲೇಬರ್ ಅಂತ ಇರುತ್ತದೆ. ಕಾಗದ ನೋಡಿ ಅಳೆದರೆ ನಾವೆಲ್ಲ ಏನೂ ಬಾರದವರು.

ಕೊನೆಗೆ ಪಂಚಾಯಿತಿ ಅಧ್ಯಕ್ಷರೇ ಮುಂದೆ ನಿಂತು ಕೀಲಿ ಕೊಡಿಸಿದರು. ಅವರಿಗೆ ಈ ಪತ್ರದ ಮೂಲಕ ಕೈಮುಗಿಯುತ್ತೇನೆ. ಕಾರ್ಟ್ರಿಡ್ಜ್ ಬದಲಾಯಿಸಿದೆವು. ಮರಳಿನ ಫಿಲ್ಟರ್ ತೊಳೆದಾಗ ಚರಂಡಿಗೆ ಹೋದ ನೀರು ಮೊದಲು ಕಪ್ಪು, ಆಮೇಲೆ ಕಂದು, ಬಹಳ ಹೊತ್ತಿನ ಮೇಲೆ ತಿಳಿಯಾಯಿತು. ಮೆಂಬ್ರೇನ್‌ಗೆ ಕಟ್ಟಿದ್ದ ಸುಣ್ಣವನ್ನು ಸಿಟ್ರಿಕ್ ಆಸಿಡ್, ಅಂದರೆ ನಿಂಬೆಹುಳಿಯ ಪುಡಿ ಕರಗಿಸಿದ ನೀರು ಸುತ್ತಿಸಿ ತೆಗೆದೆವು. ದುಬಾರಿ ಮೆಂಬ್ರೇನ್ ಬದಲಾಯಿಸುವ ಅಗತ್ಯವೇ ಬೀಳಲಿಲ್ಲ. ನೀರಿನ ಪರೀಕ್ಷೆ ಮಾಡಿಸಿ, ಸರಿ ಇದೆ ಅಂತ ಬಂದ ಮೇಲೆಯೇ ಜನರಿಗೆ ಬಿಟ್ಟದ್ದು. ಈಗ ಆ ಹುಡುಗನಿಗೆ ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟಿದ್ದೇನೆ. ದಿನಾ ಎರಡೂ ಗೇಜಿನ ಅಂಕಿ ಬರೆಯುತ್ತಾನೆ, ಅಂತರ ಜಾಸ್ತಿ ಆದರೆ ಅವನೇ ಫಿಲ್ಟರ್ ತೊಳೆಯುತ್ತಾನೆ. ಕಲಿಸುವುದಕ್ಕೆ ಬಹಳ ದಿನ ಬೇಕಾಗಲಿಲ್ಲ. ಕೇಳುವ ಆಸೆ ಅವನಲ್ಲಿ ಮೊದಲೇ ಇತ್ತು.

2022ರ ಬೇಸಿಗೆಯ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಕೆಲವರು ಪ್ರಾಣ ಬಿಟ್ಟದ್ದು ಎಲ್ಲರಿಗೂ ನೆನಪಿದೆ. ನಾನು ಆಗ ಬರ್ಕಾದಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಫೋನಿನಲ್ಲಿ ಆ ಸುದ್ದಿ ನೋಡುತ್ತಾ ಕೂತಿದ್ದೆ, ಎದುರಿಗೆ ಬೇರೆಯವರ ಊರಿಗೆ ಹೋಗುವ ಶುದ್ಧ ನೀರಿನ ಗೇಜ್. ಕೃಷ್ಣೆ ಒಂದು ಕಡೆ, ತುಂಗಭದ್ರೆ ಒಂದು ಕಡೆ, ಎರಡು ಹೊಳೆಗಳ ನಡುವಿನ ಜಿಲ್ಲೆ ನಮ್ಮದು. ಆ ರಾತ್ರಿ ನನಗೆ ಆದ ಸಂಕಟ ಯಾರ ಹತ್ತಿರವೂ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಪೂರ್ತಿ ಬರಬೇಕು ಅಂತ ಮನಸ್ಸು ಮಾಡಿದ್ದು ಆಗಲೇ. ಕೆಲಸ ಹೋದದ್ದು ಆಮೇಲೆ.

ನೀರು ನನ್ನ ಕಸುಬು, ಅದಕ್ಕೇ ನೀರಿನ ಮಾತು ಹೇಳಿದೆ. ಬೇರೆಯವರ ಹತ್ತಿರ ಬೇರೆ ಕಸುಬಿದೆ. ಸಿಂಧನೂರಿನ ನನ್ನ ಗೆಳೆಯನೊಬ್ಬ ಎತ್ತರದ ಕಟ್ಟಡಗಳಿಗೆ ಸ್ಕ್ಯಾಫೋಲ್ಡಿಂಗ್ ಕಟ್ಟುವುದರಲ್ಲಿ ಪಳಗಿದವನು. ಬೆಲ್ಟ್ ಇಲ್ಲದೆ ಯಾರನ್ನೂ ಮೇಲೆ ಹತ್ತಿಸುತ್ತಿರಲಿಲ್ಲ. ಇಲ್ಲಿ ಈಗ ಟಂಟಂ ಓಡಿಸುತ್ತಿದ್ದಾನೆ. ನಮ್ಮ ಸುತ್ತಮುತ್ತ ಕಾರ್ಖಾನೆ ಇಲ್ಲ ಅನ್ನುವ ಹಾಗೂ ಇಲ್ಲ. ಶಕ್ತಿನಗರದಲ್ಲಿ 1,720 ಮೆಗಾವಾಟ್, ಯರಮರಸ್‌ನಲ್ಲಿ 1,600 ಮೆಗಾವಾಟ್ ವಿದ್ಯುತ್ ಕೇಂದ್ರ ಇದೆ. ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಬಳ್ಳಾರಿ ಕಡೆ ಹೋದರೆ ಕುಡತಿನಿಯ ವಿದ್ಯುತ್ ಕೇಂದ್ರ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ವೆಲ್ಡರ್, ಪೈಪ್ ಫಿಟ್ಟರ್, ರಿಗ್ಗರ್, ಕ್ರೇನ್ ನಡೆಸುವವರು ಇಲ್ಲೆಲ್ಲ ಬೇಕೇ ಬೇಕು. ಹೊರ ರಾಜ್ಯದವರು ಬಂದು ಮಾಡುತ್ತಿದ್ದಾರೆ, ಮಾಡಲಿ, ನಾವೂ ಹೊರದೇಶಕ್ಕೆ ಹೋಗಿ ಮಾಡಿದವರೇ ಅಲ್ವಾ. ಆದರೆ ಇಲ್ಲೇ ಇರುವವರ ಹೆಸರಾದರೂ ಎಲ್ಲಾದರೂ ಬರೆದಿರಬೇಕಲ್ಲ.

ಕೇರಳದಲ್ಲಿ ಪರದೇಶದಲ್ಲಿ ದುಡಿಯುವವರಿಗೆಂದೇ ನೋರ್ಕಾ ಎಂಬ ಇಲಾಖೆ 1996ರಿಂದ ಇದೆ. ವಾಪಸ್ ಬಂದವರು ಸ್ವಂತ ಉದ್ಯೋಗ ಮಾಡಲು ಸಬ್ಸಿಡಿ ಸಾಲದ ಯೋಜನೆಯೂ ಇದೆ. ಕಣ್ಣೂರಿನ ನನ್ನ ರೂಮ್‌ಮೇಟ್ ಬರುವ ಮುಂಚೆಯೇ ಅದರ ಲೆಕ್ಕ ಹಾಕಿಕೊಂಡಿದ್ದ. ನಮ್ಮ ರಾಜ್ಯದಲ್ಲೂ ಅನಿವಾಸಿ ಭಾರತೀಯರ ಸಮಿತಿ ಇದೆ, ಆದರೆ ಅದು ಬೆಂಗಳೂರಿನಲ್ಲಿದೆ. ಮಾನ್ವಿಯ ಫಿಟ್ಟರ್ ಒಬ್ಬ ಅಲ್ಲಿಯ ತನಕ ಹೋಗಿ ಏನು ಕೇಳುತ್ತಾನೆ? 2020ರಲ್ಲಿ ಕೊರೊನಾ ಸಮಯದಲ್ಲಿ ಕೇಂದ್ರ ಸರ್ಕಾರ ವಾಪಸ್ ಬಂದವರ ಕೌಶಲ ಬರೆದುಕೊಳ್ಳಲು ಸ್ವದೇಸ್ ಎಂಬ ಹೆಸರಿನಲ್ಲಿ ಪಟ್ಟಿ ಮಾಡಿತ್ತು. ಒಳ್ಳೆಯ ಯೋಚನೆ ಅದು. ಅಂಥದ್ದೇ ಒಂದು ಪಟ್ಟಿ ಈಗ ತಾಲ್ಲೂಕು ಪಂಚಾಯಿತಿಯಲ್ಲಿ ಇರಲಿ. ಹೆಸರು, ಕಸುಬು, ಎಲ್ಲಿ ಎಷ್ಟು ವರ್ಷ ಮಾಡಿದ್ದು, ಇಷ್ಟು ಸಾಕು. ಕಾಗದ ಇಲ್ಲದವರಿಗೆ ಕೆಲಸ ಮಾಡಿಸಿ ನೋಡಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ದೇಶದಲ್ಲಿ ಈಗಾಗಲೇ ಇದೆ. ರಾಯಚೂರಿನ ಸರ್ಕಾರಿ ಐಟಿಐನಲ್ಲಿ ಗಲ್ಫ್‌ನಿಂದ ಬಂದವರಿಗೆಂದೇ ವರ್ಷಕ್ಕೊಮ್ಮೆ ಆ ಪರೀಕ್ಷೆ ಇಡಿ. ನಾವು ಬಂದು ವೆಲ್ಡ್ ಮಾಡಿ ತೋರಿಸುತ್ತೇವೆ, ಪಂಪು ಬಿಚ್ಚಿ ಜೋಡಿಸಿ ತೋರಿಸುತ್ತೇವೆ.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಇಟ್ಟರು. ಹೊಸ ಕಟ್ಟಡ, ಹೊಸ ರಸ್ತೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಕಟ್ಟಿದ್ದನ್ನು ನೋಡಿಕೊಳ್ಳುವ ಕೈಗೂ ಒಂದು ಪಾಲು ಇಡಿ. ಪ್ರತಿ ತಾಲ್ಲೂಕಿನ ವಾಟರ್‌ಮ್ಯಾನ್‌ಗಳನ್ನು ಒಂದು ಕಡೆ ಸೇರಿಸಿ, ಒಂದು ಘಟಕದ ಮುಂದೆಯೇ ನಿಲ್ಲಿಸಿ, ಗೇಜ್ ಓದುವುದು, ಫಿಲ್ಟರ್ ತೊಳೆಯುವುದು ಕಲಿಸಿದರೆ ಅರ್ಧಕ್ಕರ್ಧ ತೊಂದರೆ ಅಲ್ಲೇ ತೀರುತ್ತದೆ ಎನ್ನುವುದು ನನ್ನ ಅನುಭವದ ಮಾತು. ಕಲಿಸುವುದಕ್ಕೆ ಹೊರಗಿನಿಂದ ಯಾರನ್ನೂ ಕರೆಸಬೇಕಾಗಿಲ್ಲ.

ವಾಪಸ್ ಬರುವ ಯೋಚನೆಯಲ್ಲಿರುವ ನಮ್ಮ ಕಡೆಯ ಅಣ್ಣತಮ್ಮಂದಿರಿಗೂ ಒಂದೆರಡು ಮಾತು. ವೀಸಾ ಕ್ಯಾನ್ಸಲ್ ಆಗುವ ಮುಂಚೆಯೇ ಕಂಪನಿಯಿಂದ ಅನುಭವ ಪತ್ರ ತೆಗೆದುಕೊಳ್ಳಿ, ಅದರಲ್ಲಿ ನೀವು ನಿಜವಾಗಿ ಮಾಡಿದ ಕೆಲಸ ಬರೆಸಿ. ಒಮಾನ್‌ನಲ್ಲಿ ಇದ್ದವರಿಗೆ 2023ರ ಹೊಸ ಕಾರ್ಮಿಕ ಕಾನೂನಿನಂತೆ ವರ್ಷಕ್ಕೆ ಒಂದು ತಿಂಗಳ ಮೂಲ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಬರಬೇಕು, ಹಳೇ ವರ್ಷಗಳ ಲೆಕ್ಕ ಬೇರೆ, ಕೂತು ನೋಡಿಕೊಂಡು ಸಹಿ ಹಾಕಿ. ಊರಿಗೆ ಪೂರ್ತಿ ಬಂದ ಮೇಲೆ, ಪರದೇಶದಲ್ಲಿ ಇರುವವರಿಗೆಂದೇ ಇರುವ ಎನ್ಆರ್‌ಇ ಖಾತೆ ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ, ಬ್ಯಾಂಕಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು. ಯಾರಾದರೂ ಬಡ್ಡಿ ಜಾಸ್ತಿ ಕೊಡುತ್ತೇವೆ ಅಂದರೆ ಸುಮ್ನೆ ಮನೆಗೆ ಹೋಗಿ ಹೆಂಡತಿಯನ್ನು ಕೇಳಿ. ಇಷ್ಟು ವರ್ಷ ದುಡ್ಡು ಕಾಪಾಡಿದವರು ಅವರು.

ಜಿಲ್ಲಾಧಿಕಾರಿಗಳಲ್ಲಿ, ಜಿಲ್ಲಾ ಪಂಚಾಯಿತಿಯ ಸಿಇಒ ಅವರಲ್ಲಿ ನನ್ನ ವಿನಂತಿ ಇಷ್ಟೇ. ಎಲ್ಲ ತಾಲ್ಲೂಕು ಒಟ್ಟಿಗೆ ಬೇಡ. ಬೇಸಿಗೆ ಜೋರಾಗುವ ಮುಂಚೆ ಒಂದು ತಾಲ್ಲೂಕಿನಲ್ಲಿ ವಾಪಸ್ ಬಂದವರ ಪಟ್ಟಿ ಮಾಡಿಸಿ, ನಿಂತು ಹೋದ ನೀರಿನ ಘಟಕಗಳ ಪಟ್ಟಿಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿ. ಮಾನ್ವಿಯಿಂದಲೇ ಶುರು ಮಾಡುವುದಾದರೆ ಮೊದಲನೇ ದಿನ ನನ್ನ ಟೂಲ್ ಬಾಕ್ಸ್ ತೆಗೆದುಕೊಂಡು ನಾನು ಬರುತ್ತೇನೆ, ಆ ವಾಟರ್‌ಮ್ಯಾನ್ ಹುಡುಗನನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ ನಿಮ್ಮ ಓದುಗ,
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ